ನಾಗಾಲೋಟಕ್ಕೆ ಕಣ್ಣು ನೆಟ್ಟವರು

1978ರ ಫೆಬ್ರವರಿ. ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಕ್ರಫ್ಟ್ಸ್ ನಾಯಿ ಪ್ರದರ್ಶನ ನಡೆಯುತ್ತಿತ್ತು. ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ಶುರು ಮಾಡಿದ ಈ ಪ್ರದರ್ಶನದಲ್ಲಿ ನಾಯಿಗಳು ಮೈ ಬಾಚಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ತೀರ್ಪುಗಾರರ ಮುಂದೆ ನಿಲ್ಲುವುದೇ ಮುಖ್ಯ. ಆದರೆ ಮುಖ್ಯ ಅಂಗಳದಲ್ಲಿ ಎರಡು ಸುತ್ತುಗಳ ನಡುವೆ ಒಂದಿಷ್ಟು ಹೊತ್ತು ಖಾಲಿ ಉಳಿಯುತ್ತಿತ್ತು. ಜನ ಎದ್ದು ಹೋಗದಂತೆ ಆ ಹೊತ್ತನ್ನು ತುಂಬುವ ಹೊಣೆ ಸಂಘಟನಾ ಸಮಿತಿಯ ಜಾನ್ ವಾರ್ಲಿ ಅವರ ತಲೆಗೆ ಬಂತು. ಅವರು ನಾಯಿ ತರಬೇತುದಾರ ಪೀಟರ್ ಮೀನ್‌ವೆಲ್ ಅವರ ನೆರವು ಕೇಳಿದರು. ಕುದುರೆಗಳ ಜಿಗಿತದ ಸ್ಪರ್ಧೆ ಇಬ್ಬರ ಕಣ್ಣ ಮುಂದೂ ಇತ್ತು. ಅದನ್ನೇ ನಾಯಿಯ ಅಳತೆಗೆ ತಗ್ಗಿಸಿ ಬೇಲಿ, ಸುರಂಗ, ಏರಿಳಿಯುವ ಹಲಗೆಗಳನ್ನು ಇಟ್ಟರು. ನಾಯಿಗಳು ಎರಡು ತಂಡಗಳಾಗಿ ಓಡಿದವು. ಸಮಯ ಕಳೆಯಲೆಂದು ಇಟ್ಟ ಆಟ ನೋಡುಗರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಎರಡೇ ವರ್ಷಗಳಲ್ಲಿ, 1980ರಲ್ಲಿ, ಬ್ರಿಟನ್ನಿನ ಕೆನೆಲ್ ಕ್ಲಬ್ ಅದಕ್ಕೆ ನಿಯಮಗಳನ್ನು ಬರೆಯಿತು. ಅಜಿಲಿಟಿ ಎಂಬ ಕ್ರೀಡೆ ಹುಟ್ಟಿದ್ದು ಹೀಗೆ.

ಆ ಅಂಗಳದ ಅಂಚಿನಲ್ಲಿ ಕ್ಯಾಮೆರಾ ಹಿಡಿದು ಕೂತ ಯಾರಿಗಾದರೂ ಅಂದು ಎದುರಾದ ತೊಡಕಿಗೆ ಆಗಲೇ ನೂರು ವರ್ಷ ತುಂಬುತ್ತಿತ್ತು. 1878ರ ಜೂನ್‌ನಲ್ಲಿ, ಅಟ್ಲಾಂಟಿಕ್‌ನ ಆಚೆ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಓಡುವ ಪ್ರಾಣಿಯೊಂದನ್ನು ಮೊದಲ ಬಾರಿಗೆ ಹೆಜ್ಜೆ ಹೆಜ್ಜೆಯಾಗಿ ಹಿಡಿದು ನಿಲ್ಲಿಸಿದ್ದರು. ಹಿಡಿದವರು ಎಡ್ವರ್ಡ್ ಮೈಬ್ರಿಜ್. ಅವರು ಹುಟ್ಟಿದ ಕಿಂಗ್‌ಸ್ಟನ್ ಊರು ಒಲಿಂಪಿಯಾ ಸಭಾಂಗಣದಿಂದ ಹತ್ತು ಹದಿನೈದು ಕಿಲೋಮೀಟರ್ ದೂರದಲ್ಲಿ, ಅದೇ ಥೇಮ್ಸ್ ನದಿಯ ದಂಡೆಯಲ್ಲಿದೆ.

ಕನ್ನಡದಲ್ಲಿ ವೇಗದ ಓಟಕ್ಕೆ ‘ನಾಗಾಲೋಟ’ ಎನ್ನುತ್ತೇವೆ. ನಾಲ್ಕು ಕಾಲಿನ ಓಟ. ಕುದುರೆಗೂ ನಾಯಿಗೂ ಸಲ್ಲುವ ಮಾತು. ಆದರೆ ಆ ನಾಲ್ಕು ಕಾಲುಗಳು ಯಾವ ಗಳಿಗೆಯಲ್ಲಿ ಎಲ್ಲಿರುತ್ತವೆ ಎಂಬುದನ್ನು ಬರಿಗಣ್ಣು ಎಂದೂ ಹೇಳಲಾರದು. ಓಡುವ ಪ್ರಾಣಿಯ ಕಾಲು ಕಣ್ಣಿಗೆ ಬರೀ ಮಬ್ಬಾಗಿ ಕಾಣುತ್ತದೆ. ಸಾವಿರಾರು ವರ್ಷ ಕುದುರೆ ಸಾಕಿದ ಮನುಷ್ಯನಿಗೂ ಅದರ ನಾಲ್ಕೂ ಗೊರಸು ಒಟ್ಟಿಗೆ ನೆಲ ಬಿಡುತ್ತವೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಲು ಆಗಿರಲಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿದವರು ಲೆಲಂಡ್ ಸ್ಟ್ಯಾನ್‌ಫರ್ಡ್. ರೈಲ್ವೆಯಲ್ಲಿ ದುಡ್ಡು ಮಾಡಿದವರು, ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್, ಓಟದ ಕುದುರೆಗಳ ಒಡೆಯ. 1872ರಲ್ಲೇ ಅವರು ಮೈಬ್ರಿಜ್‌ರನ್ನು ಕರೆಸಿ ಒಕ್ಸಿಡೆಂಟ್ (Occident) ಎಂಬ ಕುದುರೆಯ ಚಿತ್ರ ತೆಗೆಸಲು ನೋಡಿದ್ದರು. ಸಿಕ್ಕಿದ್ದು ನೆರಳಿನಂಥ ಒಂದು ಆಕೃತಿ ಮಾತ್ರ. ಆರು ವರ್ಷ ಕಳೆದ ಮೇಲೆ ಮೈಬ್ರಿಜ್ ಬೇರೆಯದೇ ಹಾದಿ ಹಿಡಿದರು. ಒಂದು ಕ್ಯಾಮೆರಾದಿಂದ ಆಗದ ಕೆಲಸಕ್ಕೆ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿದರು. ಎದುರಿಗೆ ಬಿಳಿಯ ಹಿನ್ನೆಲೆ, ಓಟದ ಹಾದಿಗೆ ಅಡ್ಡಲಾಗಿ ದಾರಗಳು. ಕುದುರೆ ಓಡುತ್ತ ಒಂದೊಂದು ದಾರ ಕಡಿದಂತೆ ವಿದ್ಯುತ್ತಿನ ಸಹಾಯದಿಂದ ಒಂದೊಂದು ಶಟರ್ ಬಿಚ್ಚಿಕೊಳ್ಳುತ್ತಿತ್ತು. ಜೂನ್ 19ರಂದು ಸ್ಯಾಲಿ ಗಾರ್ಡ್‌ನರ್ ಎಂಬ ಹೆಣ್ಣುಕುದುರೆ ಈ ಹಾದಿಯಲ್ಲಿ ನಾಗಾಲೋಟ ಹೊಡೆಯಿತು. ಅಚ್ಚಾದ ಚಿತ್ರದ ಕೆಳಗೆ ಮೈಬ್ರಿಜ್ ಬರೆಸಿದ ಲೆಕ್ಕ ಹೀಗಿದೆ: ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 27 ಇಂಚು ದೂರ, ಸೆಕೆಂಡಿನ 25ನೇ ಒಂದು ಭಾಗದಷ್ಟು ಹೊತ್ತು, ಪ್ರತಿ ಚಿತ್ರಕ್ಕೂ ಬೆಳಕು ಬಿದ್ದದ್ದು ಸೆಕೆಂಡಿನ 2000ನೇ ಒಂದು ಭಾಗಕ್ಕಿಂತ ಕಡಿಮೆ.

ಇಂದಿನ ಅಜಿಲಿಟಿ ಅಂಗಳದಲ್ಲಿ ನಾಯಿ ಅಂಕುಡೊಂಕಾಗಿ ನುಸುಳಬೇಕಾದ ವೀವ್ ಕಂಬಗಳು ಕೂಡ 12, ಅಂತರ 60 ಸೆಂಟಿಮೀಟರ್. ಕಾಕತಾಳೀಯವೇ ಸರಿ. ಆದರೂ ಆ ಕಂಬಗಳ ಸಾಲಿನ ಎದುರು ಕ್ಯಾಮೆರಾ ಇಟ್ಟು ಕೂತವರಿಗೆ ಪಾಲೊ ಆಲ್ಟೊದ ಆ ಸಾಲು ನೆನಪಾಗದೆ ಇರದು.

ಸ್ಯಾಲಿ ಗಾರ್ಡ್‌ನರ್‌ಳ ಚಿತ್ರಗಳು ಎರಡು ಸಂಗತಿ ಹೇಳಿದವು. ಹೌದು, ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆ. ಆದರೆ ಬಿಡುವುದು ಚಿತ್ರಕಾರರು ಬರೆದಂತಲ್ಲ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಜೆರಿಕೊ 1821ರಲ್ಲಿ ಬರೆದ ಎಪ್ಸಮ್ ಡರ್ಬಿಯ ಚಿತ್ರದಲ್ಲಿ ಕುದುರೆಗಳು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಬಾಣದ ಹಾಗೆ ಹಾರುತ್ತವೆ. ಕ್ಯಾಮೆರಾ ಕಂಡ ಕುದುರೆ ಹಾಗೆ ಚಾಚಿಕೊಂಡು ಹಾರಲೇ ಇಲ್ಲ. ನಾಲ್ಕೂ ಕಾಲುಗಳನ್ನು ಹೊಟ್ಟೆಯಡಿಗೆ ಮಡಚಿಕೊಂಡಾಗಷ್ಟೇ ಅದು ಗಾಳಿಯಲ್ಲಿತ್ತು. ಕುದುರೆಗಳನ್ನು ಬಹಳ ಕರಾರುವಾಕ್ಕಾಗಿ ಬರೆಯುತ್ತೇನೆಂಬ ಹೆಮ್ಮೆಯಿದ್ದ ಫ್ರಾನ್ಸಿನ ಮೆಸೊನಿಯೆ ಈ ಚಿತ್ರಗಳನ್ನು ಕಂಡು ಅಲುಗಾಡಿಹೋದರು. 1881ರಲ್ಲಿ ಅವರೇ ತಮ್ಮ ಮನೆಗೆ ಕಲಾವಿದರನ್ನು ಕರೆದು ಮೈಬ್ರಿಜ್‌ರಿಂದ ಪ್ರದರ್ಶನ ಮಾಡಿಸಿದರು. ತಾನು ನೆಚ್ಚಿದ ಕಣ್ಣೇ ತಪ್ಪಿತೆಂದು ಗೊತ್ತಾದ ಮೇಲೂ ಅದನ್ನು ತೋರಿಸಿಕೊಟ್ಟವನನ್ನು ಮನೆಗೆ ಕರೆದು ಗೌರವಿಸುವುದು ಸಣ್ಣ ದೊಡ್ಡತನವಲ್ಲ.

ನಾಯಿಯ ಕಥೆ ಇಲ್ಲಿಂದ ಬೇರೆ ದಾರಿ ಹಿಡಿಯುತ್ತದೆ. 1879ರಲ್ಲಿ ಮೈಬ್ರಿಜ್ ಕ್ಯಾಮೆರಾಗಳನ್ನು 24ಕ್ಕೆ ಏರಿಸಿ ಬೇರೆ ಪ್ರಾಣಿಗಳ ಜೊತೆ ಗ್ರೇಹೌಂಡ್ ನಾಯಿಗಳನ್ನೂ ಓಡಿಸಿದರು. ಆಮೇಲೆ 1884ರಿಂದ 1886ರವರೆಗೆ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿ, 1887ರಲ್ಲಿ 781 ಫಲಕಗಳ ‘ಅನಿಮಲ್ ಲೋಕೊಮೋಶನ್’ ಹೊರತಂದರು. ಅದರಲ್ಲಿ 562 ಫಲಕಗಳು ಮನುಷ್ಯರವು, ಉಳಿದ 219 ಪ್ರಾಣಿ ಪಕ್ಷಿಗಳವು. ಡ್ರೆಡ್ ಎಂಬ ಮ್ಯಾಸ್ಟಿಫ್ ನಾಯಿ, ಮ್ಯಾಗಿ ಎಂಬ ಓಟದ ನಾಯಿ ಆ ಫಲಕಗಳಲ್ಲಿ ಹೆಸರು ಸಮೇತ ಉಳಿದುಕೊಂಡಿವೆ. ಮಾಡೆಲ್‌ಗಳಾಗಿ ನಿಂತ ಎಷ್ಟೋ ಮನುಷ್ಯರಿಗೆ ಸಿಗದ ಗೌರವ ಅದು.

ಮ್ಯಾಗಿಯಂಥ ನಾಯಿಯ ಓಟದಲ್ಲಿ ಕಂಡದ್ದೇನು? ಅದು ಒಂದು ಆವರ್ತದಲ್ಲಿ ಎರಡು ಸಲ ನೆಲ ಬಿಡುತ್ತದೆ. ಒಮ್ಮೆ ಕುದುರೆಯಂತೆ ಕಾಲುಗಳನ್ನೆಲ್ಲ ಹೊಟ್ಟೆಯಡಿಗೆ ಸೆಳೆದುಕೊಂಡು. ಇನ್ನೊಮ್ಮೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಪೂರ್ತಿ ಚಾಚಿ, ಮೈಯನ್ನು ಬಿಲ್ಲಿನಂತೆ ಬಿಚ್ಚಿಕೊಂಡು. ಚಿತ್ರಕಾರರು ಶತಮಾನಗಳ ಕಾಲ ಕುದುರೆಗೆ ತಪ್ಪಾಗಿ ಹಚ್ಚಿದ ಭಂಗಿ ನಾಯಿಯದಾಗಿತ್ತು. ಬೇಟೆಯ ಬಯಲಿನಲ್ಲಿ ಕುದುರೆ, ನಾಯಿ ಎರಡೂ ಒಟ್ಟಿಗೆ ಓಡುವಾಗ ನಾಯಿಯ ಹಾರಾಟ ಕಣ್ಣಿನಲ್ಲಿ ಉಳಿದು ಕುಂಚದ ತುದಿಯಲ್ಲಿ ಕುದುರೆಯಾಯಿತೋ ಏನೋ ಎಂದು ಊಹಿಸಲು ಮನಸ್ಸಾಗುತ್ತದೆ.

ನಾಯಿಯ ಈ ಎರಡು ಹಾರಾಟವನ್ನು ನೋಡಲು ಇಂಗ್ಲೆಂಡಿಗೇ ಹೋಗಬೇಕಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ, ನಮ್ಮವರು ಕರವಾನಿ ಎಂದೂ ಕರೆಯುವ ತಳಿ, ಗ್ರೇಹೌಂಡ್‌ನಂತೆಯೇ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಉದ್ದ ಕಾಲು, ಒಳಸರಿದ ಹೊಟ್ಟೆ, ಬಾಗುವ ಬೆನ್ನು. ಮೊಲದ ಹಿಂದೆ ಬಿಟ್ಟಾಗ ಅದು ಬಯಲಿನ ಮೇಲೆ ಬಿಚ್ಚಿಕೊಳ್ಳುವುದೂ ಮುಚ್ಚಿಕೊಳ್ಳುವುದೂ ಮ್ಯಾಗಿಯ ಹಾಗೆಯೇ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳನ್ನು ದೊರೆ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನೂ ತಂದಿತು.

ಇನ್ನೂ ಹಿಂದಕ್ಕೆ ಹೋದರೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನಕಲ್ಲು ಇದೆ. ಕ್ರಿ.ಶ. 949–50ರ ಹೊತ್ತಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ತನ್ನ ಒಡೆಯನಲ್ಲಿ ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಕಲ್ಲುಕುಟಿಗ ಕೆತ್ತಿದ್ದು ಸತ್ತ ನಾಯಿಯನ್ನಲ್ಲ, ಸೆಣಸುತ್ತಿರುವ ನಾಯಿಯನ್ನು. ಅತಿ ವೇಗದ, ಕಣ್ಣಿಗೆ ನಿಲ್ಲದ ಒಂದು ಗಳಿಗೆಯನ್ನು ಆರಿಸಿ ನಿಲ್ಲಿಸಬೇಕು ಎಂಬ ಆಸೆ ಕ್ಯಾಮೆರಾದ ಜೊತೆ ಹುಟ್ಟಿದ್ದಲ್ಲ ಎನ್ನಲು ನಮ್ಮ ನೆಲದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮೈಬ್ರಿಜ್‌ರ ಏರ್ಪಾಡನ್ನು ಹೆಗಲಿಗೇರಿಸಿ ಒಯ್ಯಲು ಬರುತ್ತಿರಲಿಲ್ಲ. ಬೇಕಾಗಿದ್ದದ್ದು ಒಂದೇ ಕ್ಯಾಮೆರಾ, ಒಂದೇ ಕೈ. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್-ಜೂಲ್ ಮಾರೆ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿದರು. ಗುರಿಯಿಟ್ಟು ಟ್ರಿಗರ್ ಎಳೆದರೆ ಸೆಕೆಂಡಿಗೆ 12 ಚಿತ್ರ. ಇಂದು ಅಂಗಳದ ಅಂಚಿನಲ್ಲಿ ಉದ್ದ ಲೆನ್ಸನ್ನು ಹೆಗಲಿಗೆ ಒತ್ತಿ ಹಿಡಿಯುವವರ ನಿಲುವು ಆ ಬಂದೂಕಿನದೇ. ಅದೇ ದಶಕದಲ್ಲಿ ಪ್ರಶ್ಯದ ಓಟೊಮಾರ್ ಆನ್‌ಶುಟ್ಸ್ ಇನ್ನೊಂದು ಮುಖ್ಯ ಕೆಲಸ ಮಾಡಿದರು. ಫಲಕದ ಎದುರೇ ಬಟ್ಟೆಯ ಪರದೆಯೊಂದನ್ನು ಸುರುಳಿಗೆ ಸುತ್ತಿ, ಅದರಲ್ಲಿ ಒಂದು ಕಿರು ಸೀಳು ಬಿಟ್ಟರು. ಪರದೆ ಸರ್ರನೆ ಸರಿದಾಗ ಸೀಳಿನ ಮೂಲಕ ಬೆಳಕು ಫಲಕವನ್ನು ಒಂದು ಅಂಚಿನಿಂದ ಇನ್ನೊಂದರವರೆಗೆ ಸವರಿಕೊಂಡು ಹೋಗುತ್ತಿತ್ತು. ಸೀಳು ಸಣ್ಣದಾದಷ್ಟೂ ಹೊತ್ತು ಕಡಿಮೆ. ಸೆಕೆಂಡಿನ 1000ನೇ ಒಂದು ಭಾಗ ಈಗ ಕೈಯಲ್ಲಿ ಹಿಡಿಯುವ ಕ್ಯಾಮೆರಾಕ್ಕೆ ದಕ್ಕಿತು. ಜಿಗಿಯುವ ನಾಯಿಯ ಚಿತ್ರಕ್ಕೆ ಇಂದಿಗೂ ಎಲ್ಲರೂ ಮೊದಲು ತಿರುಗಿಸುವ ಅಂಕಿ ಅದೇ.

ಆದರೆ ಆ ಸೀಳಿಗೆ ಒಂದು ಋಣ ತೀರಿಸಬೇಕಿತ್ತು. ಚಿತ್ರದ ಮೇಲ್ಭಾಗ, ಕೆಳಭಾಗಗಳ ಮೇಲೆ ಬೆಳಕು ಬೀಳುವ ಗಳಿಗೆ ಬೇರೆ ಬೇರೆ. ಆ ನಡುವೆ ವಸ್ತು ಮುಂದೆ ಸರಿದಿರುತ್ತದೆ. ಫ್ರಾನ್ಸಿನ ಝಾಕ್ ಆನ್ರಿ ಲಾರ್ತಿಗ್ ಹದಿಹರೆಯದ ಕೊನೆಯಲ್ಲಿ, 1910ರ ದಶಕದ ಆರಂಭದಲ್ಲಿ, ರೇಸಿನ ಕಾರೊಂದನ್ನು ಕ್ಯಾಮೆರಾ ತಿರುಗಿಸುತ್ತ ಹಿಡಿದರು. ಕಾರಿನ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿತು, ರಸ್ತೆ ಬದಿಯ ಜನ ಹಿಂದಕ್ಕೆ ವಾಲಿದರು. ವೇಗದ ಚಿತ್ರಗಳಲ್ಲೇ ಬಹಳ ಹೆಸರಾದ ಚಿತ್ರವದು. ಅದೇ ಹುಡುಗ 1912ರಲ್ಲಿ ಟುಪಿ ಎಂಬ ನಾಯಿ ನೀರಿನ ಮೇಲೆ ಗಾಳಿಯಲ್ಲಿದ್ದಾಗ ಹಿಡಿದ ಚಿತ್ರವೂ ಇದೆ. ಅದರಲ್ಲಿ ಪ್ರಯೋಗವೂ ಇಲ್ಲ, ಪಂದ್ಯವೂ ಇಲ್ಲ. ನಾಯಿ ಗಾಳಿಯಲ್ಲಿರುವುದನ್ನು ಕಂಡ ಖುಷಿಯಷ್ಟೇ ಇದೆ. ಅಜಿಲಿಟಿಯ ಛಾಯಾಚಿತ್ರಕ್ಕೆ ಒಬ್ಬ ಪೂರ್ವಜನನ್ನು ಹೆಸರಿಸಬೇಕಾದರೆ ಮೈಬ್ರಿಜ್‌ಗಿಂತ ಈ ಹುಡುಗನನ್ನೇ ಹೆಸರಿಸಬೇಕು. ಆತ ನಾಯಿಯನ್ನು ಅಳೆಯಲು ಹೋಗಲಿಲ್ಲ, ಪ್ರೀತಿಯಿಂದ ನೋಡಿದ.

ಆ ವರ್ಷವೇ ಇಟಲಿಯ ಜಾಕೊಮೊ ಬಾಲಾ ಹಗ್ಗ ಕಟ್ಟಿದ ಡಾಶ್‌ಹುಂಡ್ ನಾಯಿಯೊಂದನ್ನು ಬರೆದರು. ಕಾಲು, ಬಾಲ, ಹಗ್ಗ ಎಲ್ಲವೂ ಹಲವು ಪಟ್ಟಾಗಿ ಕಾಣುವ ಆ ಚಿತ್ರದ ಹಿಂದೆ ಮಾರೆಯ ಛಾಯಾಚಿತ್ರಗಳಿದ್ದವು. ಚಿತ್ರಕಾರರಿಂದ ಕಲಿಯುತ್ತಿದ್ದ ಕ್ಯಾಮೆರಾ ಈಗ ಅವರಿಗೇ ಕಲಿಸತೊಡಗಿತ್ತು.

ಮತ್ತೆ ಒಲಿಂಪಿಯಾಕ್ಕೆ ಬರೋಣ. 1978ರ ಫೋಟೋಗ್ರಾಫರನ ಚೀಲದಲ್ಲಿ ಸೆಕೆಂಡಿನ 1000ನೇ ಭಾಗದ ಶಟರ್ ಇತ್ತು ನಿಜ, ಅದನ್ನು ಬಳಸಲು ಬೇಕಾದ ಬೆಳಕು ಮಾತ್ರ ಛಾವಣಿಯ ಕೆಳಗೆ ಇರಲಿಲ್ಲ. 400 ವೇಗದ ಕಪ್ಪು ಬಿಳುಪು ಫಿಲಂ ಹಾಕಿ, ಡೆವಲಪ್ ಮಾಡುವಾಗ ಹೆಚ್ಚು ಹೊತ್ತು ಬಿಟ್ಟು 1600ಕ್ಕೆ ಏರಿಸಿದರೆ ಒಳಾಂಗಣದಲ್ಲಿ ಹೇಗೋ ಕೆಲಸ ನಡೆಯುತ್ತಿತ್ತು, ಚಿತ್ರದಲ್ಲಿ ರವೆಯಂಥ ಕಾಳು ಎದ್ದರೂ. ಲೆಕ್ಕ ಹಾಕಿ ನೋಡಬಹುದು. ನಾಯಿ ಸೆಕೆಂಡಿಗೆ 6 ಮೀಟರ್ ಓಡುತ್ತದೆ ಎನ್ನೋಣ. ಶಟರ್ 1000ನೇ ಒಂದು ಭಾಗವಾದರೆ ಅಷ್ಟರಲ್ಲಿ ಅದು ಸರಿಯುವುದು 6 ಮಿಲಿಮೀಟರ್, ಅಕ್ಕಿಕಾಳಿನಷ್ಟು. 125ನೇ ಒಂದು ಭಾಗವಾದರೆ ಹೆಚ್ಚುಕಡಿಮೆ 5 ಸೆಂಟಿಮೀಟರ್, ಮೂರು ಬೆರಳಗಲ. ಮುಖವೆಂಬುದು ಅಳಿಸಿಹೋಗಲು ಅಷ್ಟು ಸಾಕು. ಫ್ಲಾಶ್ ಹೊಡೆದರೆ ಗೆಲ್ಲಬಹುದಿತ್ತಲ್ಲ ಎಂದರೆ, ಪೂರ್ಣ ವೇಗದಲ್ಲಿ ಅಡ್ಡಕೋಲಿನತ್ತ ಬರುತ್ತಿರುವ ನಾಯಿಯ ಕಣ್ಣಿಗೆ ಮಿಂಚು ಹೊಡೆಸಬಾರದು. ಅಂಗಳದಲ್ಲಿ ಫ್ಲಾಶ್ ಬೇಡ ಎಂಬುದು ಈ ಕ್ರೀಡೆಯ ಫೋಟೋಗ್ರಾಫರರು ಬೇಗನೆ ಒಪ್ಪಿಕೊಂಡ ಶಿಸ್ತು. ನಾಯಿ ಎಡವಿದರೆ ಚಿತ್ರ ಸಿಕ್ಕೇನು ಫಲ?

ಇನ್ನು ಫೋಕಸ್. 200 ಮಿಲಿಮೀಟರ್ ಲೆನ್ಸನ್ನು ಪೂರ್ತಿ ತೆರೆದು 10 ಮೀಟರ್ ದೂರದ ನಾಯಿಗೆ ಹಿಡಿದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಒಂದು ಮೊಳ. ಬಾರ್ಡರ್ ಕಾಲಿ ನಾಯಿ ಮೂಗಿನಿಂದ ಬಾಲದವರೆಗೆ ಅದಕ್ಕಿಂತ ಉದ್ದ. ನೇರ ಎದುರಿಗೆ ಓಡಿಬರುವ ನಾಯಿ ಆ ಮೊಳವನ್ನು ದಾಟಲು ಸೆಕೆಂಡಿನ 14ನೇ ಒಂದು ಭಾಗ ಸಾಕು. ಕೈಯಿಂದ ಲೆನ್ಸಿನ ಉಂಗುರ ತಿರುಗಿಸಿ ಅದನ್ನು ಹಿಂಬಾಲಿಸುವುದು ಕೆಲವೇ ಕೆಲವರಿಗೆ ಒಲಿದ ವಿದ್ಯೆ. ಉಳಿದವರು ಬೇಟೆಗಾರರ ಹಾದಿ ಹಿಡಿದರು: ಹೊಂಚು ಹಾಕುವುದು. ಅಡ್ಡಕೋಲಿಗೇ ಫೋಕಸ್ ಮಾಡಿ ಉಂಗುರವನ್ನು ಅಂಟುಪಟ್ಟಿಯಿಂದ ಬಿಗಿದು, ನಾಯಿ ಅಲ್ಲಿಗೆ ಬರಲಿ ಎಂದು ಕಾಯುವುದು. ನಾಯಿ ಕೋಲಿನ ಮೇಲೆ ಕಂಡಾಗ ಬೆರಳು ಒತ್ತಿದರೆ ತಡವಾಗಿರುತ್ತದೆ. ಕಣ್ಣು ಕಂಡದ್ದು ಬೆರಳಿಗೆ ತಲುಪುವಷ್ಟರಲ್ಲಿ ಅದು ಆಚೆ ಬದಿಗೆ ಇಳಿದಿರುತ್ತದೆ. ನಾಯಿ ಹಿಂಗಾಲು ಒತ್ತಿ ಮೈ ಕುಗ್ಗಿಸಿದಾಗಲೇ ಒತ್ತಬೇಕು. ಒಂದು ರೋಲಿನಲ್ಲಿ 36 ಚಿತ್ರ, ಒಂದು ನಾಯಿಗೆ ಎರಡೋ ಮೂರೋ. ಮನೆಗೆ ಹೋಗಿ ಫಿಲಂ ತೊಳೆಯುವವರೆಗೆ ಏನು ಸಿಕ್ಕಿದೆ ಎಂದು ಗೊತ್ತಿಲ್ಲ.

ಆ ಕಾಲದ ಚಿತ್ರಗಳಲ್ಲಿ ಒಂದು ವಿಶೇಷ ಕಾಣುತ್ತದೆ. ಬ್ರಿಟನ್ನಿನಲ್ಲಿ ಮೊದಮೊದಲು ದೊಡ್ಡ ನಾಯಿಗಳು ಹಾರಬೇಕಾದ ಎತ್ತರ 30 ಇಂಚು, ಅಂದರೆ 76 ಸೆಂಟಿಮೀಟರ್. ನಾಯಿ ಕಮಾನಿನಂತೆ ಮೇಲೆದ್ದು ಒಂದಿಷ್ಟು ಹೊತ್ತು ಮೇಲೇ ನಿಂತಂತೆ ತೋರುತ್ತಿತ್ತು. ನಾಯಿಗಳ ಕೀಲುಗಳ ಕಾಳಜಿಯಿಂದ ಕಾಲಕ್ರಮದಲ್ಲಿ ಎತ್ತರ ಇಳಿಯಿತು, ಕ್ರೀಡೆ ವೇಗದ ಕಡೆ ವಾಲಿತು. ಈಗ ನಾಯಿ ಕೋಲಿನ ಮೇಲೆ ಮೇಲೇಳುವುದಕ್ಕಿಂತ ಚಪ್ಪಟೆಯಾಗಿ ಹಾಯುತ್ತದೆ. ನಾಯಿಗೆ ಒಳ್ಳೆಯದಾಯಿತು, ಫೋಟೋಗ್ರಾಫರನಿಗೆ ಸಿಗುವ ಗಳಿಗೆ ಇನ್ನಷ್ಟು ಕಿರಿದಾಯಿತು.

ಕ್ರೀಡೆ ಬೇಗ ಹರಡಿತು. ಅಮೆರಿಕದಲ್ಲಿ 1986ರಲ್ಲಿ ಕೆನೆತ್ ಟ್ಯಾಚ್ ಯುಎಸ್‌ಡಿಎಎ ಎಂಬ ಅಜಿಲಿಟಿ ಸಂಸ್ಥೆ ಕಟ್ಟಿದರು. 1994ರಲ್ಲಿ ಅಮೆರಿಕನ್ ಕೆನೆಲ್ ಕ್ಲಬ್ ತನ್ನ ಮೊದಲ ಸ್ಪರ್ಧೆಗಳನ್ನು ನಡೆಸಿತು. 1996ರಲ್ಲಿ ಸ್ವಿಟ್ಜರ್ಲೆಂಡಿನ ಮೋರ್ಜ್ ಊರಿನಲ್ಲಿ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ಮೊದಲ ವಿಶ್ವ ಚಾಂಪಿಯನ್‌ಶಿಪ್ ಏರ್ಪಡಿಸಿತು. ಕ್ರಫ್ಟ್ಸ್ 1991ರಲ್ಲೇ ಬರ್ಮಿಂಗ್‌ಹ್ಯಾಮ್‌ಗೆ ಹೋಗಿತ್ತು.

ಕ್ಯಾಮೆರಾಗಳೂ ಸುಮ್ಮನೆ ಕೂರಲಿಲ್ಲ. 1985ರಲ್ಲಿ ಮಿನೋಲ್ಟಾ 7000 ತಾನಾಗಿಯೇ ಫೋಕಸ್ ಮಾಡತೊಡಗಿತು. ಆದರೆ ನಿಂತ ವಸ್ತುವಿಗೆ ಫೋಕಸ್ ಮಾಡುವುದು ಬೇರೆ, ಬರುತ್ತಿರುವುದಕ್ಕೆ ಮಾಡುವುದು ಬೇರೆ. ದಶಕದ ಕೊನೆಗೆ ಬಂದ ಕ್ಯಾಮೆರಾಗಳು ವಸ್ತುವಿನ ಚಲನೆಯನ್ನು ಅಳೆದು, ಶಟರ್ ತೆರೆಯುವ ಹೊತ್ತಿಗೆ ಅದು ಎಲ್ಲಿರಬಹುದೆಂದು ಮುಂಗಾಣತೊಡಗಿದವು. ಕಾರಿಗೆ, ಓಟಗಾರನಿಗೆ ಅದು ಸಾಕಾಯಿತು. ನಾಯಿ ಮಾತ್ರ ಅಷ್ಟು ಸುಲಭವಾಗಿ ದಕ್ಕಲಿಲ್ಲ. ಅದು ನೇರ ಓಡುವುದಿಲ್ಲ. ಸುರಂಗದ ಕತ್ತಲಿಂದ ಚಿಮ್ಮಿ, ಮಾಲೀಕಳ ಕೈಸನ್ನೆಗೆ ಥಟ್ಟನೆ ತಿರುಗಿ, ಕೋಲಿನ ಮೇಲೆ ಏರಿ ಇಳಿಯುತ್ತದೆ. ವೀವ್ ಕಂಬಗಳಲ್ಲಂತೂ ಕ್ಯಾಮೆರಾ ನಾಯಿಯ ಮುಖ ಬಿಟ್ಟು ಮುಂದಿನ ಕಂಬಕ್ಕೆ ಅಂಟಿಕೊಳ್ಳುತ್ತಿತ್ತು. ಕರಿ ಮುಖದ ಕರಿ ಕಣ್ಣನ್ನು ಹುಡುಕುವುದು ಯಂತ್ರಕ್ಕೆ ಕಷ್ಟ, ಬಾರ್ಡರ್ ಕಾಲಿಯ ಮುಖ ಹೆಚ್ಚಾಗಿ ಕರಿಯದೇ. ನಡುವಿನ ಬಿಳಿಯ ಪಟ್ಟೆಗೆ ಬೆಳಕು ಹೊಂದಿಸಿದರೆ ಕಣ್ಣು ಕಾಣೆ, ಕಣ್ಣಿಗೆ ಹೊಂದಿಸಿದರೆ ಪಟ್ಟೆ ಸುಣ್ಣ ಬಳಿದಂತೆ. ಈ ಗೋಳು ಅಂಗಳದ ಅಂಚಿನಲ್ಲಿ ಕೂತವರೆಲ್ಲರ ಗೋಳು.

1996ರ ನಿಕಾನ್ ಎಫ್5 ಸೆಕೆಂಡಿಗೆ 8 ಚಿತ್ರ ತೆಗೆಯುತ್ತಿತ್ತು. ಬೆರಳು ಒತ್ತಿಯೇ ಹಿಡಿದರೆ ನಾಲ್ಕೂವರೆ ಸೆಕೆಂಡಿನಲ್ಲಿ ರೋಲು ಮುಗಿದು, ನಾಯಿ ಇನ್ನೂ ಅರ್ಧ ಹಾದಿಯಲ್ಲಿರುತ್ತಿತ್ತು. ಈ ಕಟ್ಟು ಬಿಚ್ಚಿದ್ದು ಡಿಜಿಟಲ್. 1999ರ ನಿಕಾನ್ ಡಿ1 ಚಿತ್ರದಲ್ಲಿ ಮೂರು ಮೆಗಾಪಿಕ್ಸೆಲ್ ಕೂಡ ಇರಲಿಲ್ಲ, ಆದರೂ ಫಿಲಂ ಖರ್ಚಿಲ್ಲದೆ ಒತ್ತಬಹುದಿತ್ತು, ಆಗಲೇ ನೋಡಬಹುದಿತ್ತು. ತಪ್ಪು ಅಲ್ಲೇ ಕಾಣುವುದರಿಂದ ಮುಂದಿನ ನಾಯಿಗೆ ತಿದ್ದಿಕೊಳ್ಳಬಹುದಿತ್ತು. ವರ್ಷಗಳಲ್ಲಿ ಕಲಿಯುತ್ತಿದ್ದ ಹೊಂಚನ್ನು ಹೊಸಬರು ಒಂದು ಬೇಸಿಗೆಯಲ್ಲಿ ಕಲಿತರು. ಸ್ಪರ್ಧಿಗಳಲ್ಲೇ ಎಷ್ಟೋ ಮಂದಿ ತಮ್ಮ ನಾಯಿಯ ಸರದಿ ಇಲ್ಲದಾಗ ಕ್ಯಾಮೆರಾ ಹಿಡಿದು ಕೂರತೊಡಗಿದರು. ಈ ಕ್ರೀಡೆಯ ಒಳ್ಳೆಯ ಚಿತ್ರಗಳಲ್ಲಿ ಹಲವು ಅವರ ಕೈಯಿಂದ ಬಂದದ್ದರಲ್ಲಿ ಅಚ್ಚರಿಯಿಲ್ಲ.

ಒಂದು ಹಳೆಯ ಋಣ ಮಾತ್ರ ಮತ್ತೆ ಬಾಗಿಲು ತಟ್ಟಿತು. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಲ್ಲಿ ಸದ್ದೇ ಇಲ್ಲದ ಎಲೆಕ್ಟ್ರಾನಿಕ್ ಶಟರ್ ಬಂದಾಗ ನಾಯಿಯ ಕಿವಿಗೆ ತೊಂದರೆಯಿಲ್ಲವೆಂದು ಎಲ್ಲರೂ ಹಿಗ್ಗಿದರು. ಆದರೆ ಅದರ ಸಂವೇದಕ ಚಿತ್ರವನ್ನು ಒಂದೊಂದೇ ಸಾಲಾಗಿ ಓದುತ್ತಿತ್ತು, ಆನ್‌ಶುಟ್ಸ್‌ರ ಸೀಳು ಸವರಿದ ಹಾಗೆಯೇ. ನಾಯಿಯನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗಿಸಿದರೆ ನೆಟ್ಟಗೆ ನಿಂತ ವೀವ್ ಕಂಬಗಳು ಚಿತ್ರದಲ್ಲಿ ವಾಲಿಕೊಂಡವು, ಲಾರ್ತಿಗ್‌ರ ರಸ್ತೆ ಬದಿಯ ಜನರಂತೆ. ನೂರು ವರ್ಷದ ಹಿಂದಿನ ತಪ್ಪು ಅದೇ ವೇಷದಲ್ಲಿ ಮರಳಿತ್ತು. 2017ರ ಸೋನಿ ಎ9 ಓದುವ ವೇಗ ಹೆಚ್ಚಿಸಿ ವಾಲಿಕೆಯನ್ನು ಬಹುಮಟ್ಟಿಗೆ ಅಡಗಿಸಿತು. 2023ರ ನವೆಂಬರ್‌ನಲ್ಲಿ ಪ್ರಕಟವಾದ ಎ9 III ಇಡೀ ಚಿತ್ರವನ್ನು ಒಂದೇ ಗಳಿಗೆಯಲ್ಲಿ ಓದಿತು, ಅದೂ ಸೆಕೆಂಡಿಗೆ 120ರಂತೆ. ಸೀಳಿನ ಕಥೆ ಅಲ್ಲಿಗೆ ಮುಗಿಯಿತು.

ಇದರ ನಡುವೆ 2019ರ ಸುಮಾರಿಗೆ ಕ್ಯಾಮೆರಾಗಳು ಪ್ರಾಣಿಯ ಕಣ್ಣನ್ನು ತಾವೇ ಗುರುತಿಸಲು ಕಲಿತವು. ಕೆಲವು ಮಾದರಿಗಳು ಬೆರಳು ಒತ್ತುವ ಮುಂಚಿನ ಕೆಲವು ಚಿತ್ರಗಳನ್ನೂ ಉಳಿಸಿಕೊಡುತ್ತವೆ. ಪಾಲೊ ಆಲ್ಟೊದಲ್ಲಿ ದಾರ ಕಡಿದು ಶಟರ್ ಬಿಚ್ಚಿದ್ದು ಕುದುರೆಯೇ. ಇಂದು ನಾಯಿಯ ಕಣ್ಣೇ ಫೋಕಸನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಅಂಟುಪಟ್ಟಿ, ಹೊಂಚು, ಹಿಂಗಾಲು ಒತ್ತುವುದನ್ನು ಕಾಯುವ ತಾಳ್ಮೆ, ಇವೆಲ್ಲ ಇದ್ದದ್ದು ಈ ಎರಡರ ನಡುವಿನ ಕಾಲದಲ್ಲಿ.

ಜರ್ಮನಿಯ ಯೇನಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫಿಷರ್ ಮತ್ತು ಸಂಗಡಿಗರು ಮೈಬ್ರಿಜ್‌ರ ಕೆಲಸವನ್ನು ಚರ್ಮದ ಒಳಗೆ ಮುಂದುವರಿಸಿದ್ದಾರೆ. 32 ತಳಿಗಳ 327 ನಾಯಿಗಳನ್ನು ನಡೆಸಿ, ಓಡಿಸಿ, ಎಕ್ಸ್-ರೇ ವೇಗಚಿತ್ರಣವನ್ನೂ ಬಳಸಿಕೊಂಡರು. 2011ರ ಅವರ ಪುಸ್ತಕ ತೋರಿಸಿದ ಒಂದು ಸಂಗತಿ ಅಂಗಳದಲ್ಲಿ ಕೂತವರಿಗೂ ಉಪಯೋಗದ್ದು: ನಾಯಿಯ ಮುಂಗಾಲು ತೂಗುವುದು ಭುಜದ ಕೀಲಿನಿಂದಲ್ಲ, ಹೆಗಲಮೂಳೆಯ ಮೇಲಂಚಿನಿಂದ. ಚಾಚಿದ ಮುಂಗಾಲು ಚಿತ್ರದಲ್ಲಿ ಅಷ್ಟು ಉದ್ದ ಕಾಣಲು ಕಾರಣ ಅದೇ.

ಯಂತ್ರ ಇಷ್ಟೆಲ್ಲ ಮಾಡಿಕೊಟ್ಟ ಮೇಲೆ ಫೋಟೋಗ್ರಾಫರನಿಗೆ ಉಳಿದ ಕೆಲಸ ಏನು? ಅದನ್ನು ನೋಡಲು ಸ್ಪರ್ಧೆಯ ದಿನ ಬೆಳಿಗ್ಗೆ ಬೇಗ ಹೋಗಬೇಕು. ಸುತ್ತು ಶುರುವಾಗುವ ಮೊದಲು ಸ್ಪರ್ಧಿಗಳು ನಾಯಿಯನ್ನು ಬಿಟ್ಟು ಬರಿಗೈಯಲ್ಲಿ ಅಂಗಳ ತುಳಿಯುತ್ತಾರೆ. ಎಲ್ಲಿ ನಿಲ್ಲಬೇಕು, ಎಲ್ಲಿ ಕೈ ಚಾಚಬೇಕು, ಎಲ್ಲಿ ಬದಿ ಬದಲಿಸಬೇಕು ಎಂದು ಗಾಳಿಗೆ ಕೈ ಬೀಸುತ್ತ ಬಾಯಿಪಾಠ ಮಾಡುತ್ತಾರೆ. ಅನುಭವಿ ಫೋಟೋಗ್ರಾಫರ್ ಆ ಹೊತ್ತಿನಲ್ಲಿ ನೋಡುವುದು ಅಡೆತಡೆಗಳನ್ನಲ್ಲ, ಆ ಕೈಗಳನ್ನು. ನಾಯಿ ಕೋಲು ಹಾರುವಾಗ ಅದರ ಕಣ್ಣು ಎಲ್ಲಿರುತ್ತದೆ ಎಂಬುದು ಆ ಕೈ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಮುಂದಿನ ತಡೆ ನೇರಕ್ಕಿದ್ದರೆ ನಾಯಿ ಅದನ್ನೇ ನೋಡುತ್ತದೆ. ತಿರುವಿದ್ದರೆ ಗಾಳಿಯಲ್ಲೇ ಕತ್ತು ಹೊರಳಿಸಿ ತನ್ನವರನ್ನು ಹುಡುಕುತ್ತದೆ. ಆ ಎರಡನೆಯದು ಬೇಕಾದವರು ತಿರುವಿನ ಒಳಬದಿಗೆ, ನೆಲಕ್ಕೆ ತಾಗುವಷ್ಟು ತಗ್ಗಿನ ಕುರ್ಚಿ ಹಾಕಿ, ನಾಯಿಯ ಕಣ್ಣೆತ್ತರದಲ್ಲಿ ಕೂರುತ್ತಾರೆ. ಅಂಗಳದ ಒಳಗೆ ನಾಯಿಯ ದಾರಿಯಲ್ಲಿ ಅಲುಗಾಡಬಾರದು. ನಾಯಿ ನಿಮ್ಮತ್ತ ನೋಡಿದರೆ ಚಿತ್ರವೂ ಕೆಟ್ಟಿತು, ಓಟವೂ ಕೆಟ್ಟಿತು.

ಒಂದು ಓಟಕ್ಕೆ ಮೂವತ್ತು ನಲವತ್ತು ಸೆಕೆಂಡ್. ಸೆಕೆಂಡಿಗೆ 20ರಂತೆ ಒತ್ತಿಯೇ ಹಿಡಿದರೆ ಒಂದು ನಾಯಿಗೆ ಆರುನೂರರಿಂದ ಎಂಟುನೂರು ಚಿತ್ರ. ನೂರು ನಾಯಿ ಓಡಿದ ದಿನದ ರಾತ್ರಿ ಕೂತು ಅವನ್ನೆಲ್ಲ ಹೆಕ್ಕುವುದು ಯಾರಿಂದಲೂ ಆಗದ ಕೆಲಸ. ಹಾಗಾಗಿ ತಿಳಿದವರು ಈಗಲೂ ಫಿಲಂ ಕಾಲದವರಂತೆಯೇ ಕೆಲಸ ಮಾಡುತ್ತಾರೆ. ಎರಡು ತಡೆ ಆರಿಸಿಕೊಂಡು, ಅಲ್ಲಷ್ಟೇ ಒತ್ತುತ್ತಾರೆ. ಎಫ್5 ಕಾಲದಲ್ಲಿ ರೋಲು ಮುಗಿಯುವ ಭಯದಿಂದ ಮಾಡಿದ್ದನ್ನು ಈಗ ಬೇಕೆಂದೇ ಮಾಡುತ್ತಾರೆ. ಹಾಗೆ ಆರಿಸಿದ ಚಿತ್ರಗಳಲ್ಲೂ ಪಾದ ತಪ್ಪಿದ್ದು, ಕಿವಿ ಮುಖ ಮುಚ್ಚಿದ್ದು, ಕಂಬ ಕಣ್ಣಿಗೆ ಅಡ್ಡ ಬಂದದ್ದು ಹೋಗಿ ಉಳಿಯುವುದು ಬೆರಳೆಣಿಕೆ.

ಕ್ರೀಡೆಯಲ್ಲಿ ನಾಯಿಯ ಆಯುಷ್ಯ ಕೆಲವೇ ವರ್ಷ. ಮೂಳೆ ಬಲಿಯುವ ತನಕ ಎತ್ತರ ಹಾರಿಸುವಂತಿಲ್ಲ, ಒಂಬತ್ತು ಹತ್ತು ವರ್ಷಕ್ಕೆ ಕೀಲು ಮೊದಲಿನಂತಿರುವುದಿಲ್ಲ. ಆಮೇಲೆ ಅದು ಮನೆಯ ಬಾಗಿಲ ಬಳಿ ಬಿಸಿಲಿಗೆ ಮೈಯೊಡ್ಡಿ ಮಲಗುತ್ತದೆ. ಮನೆಯವರು ಹಳೆಯ ಚಿತ್ರಗಳನ್ನು ತಿರುವಿ ಗೋಡೆಗೆ ಒಂದನ್ನು ಆರಿಸುವಾಗ ಎಷ್ಟೋ ಸಲ ಬಹುಮಾನದ ರಿಬ್ಬನ್ ಕಟ್ಟಿಕೊಂಡು ಕೂತದ್ದನ್ನು ಬದಿಗಿಡುತ್ತಾರೆ. ಕೈಗೆತ್ತಿಕೊಳ್ಳುವುದು ಇನ್ನೊಂದನ್ನು: ಕೋಲಿನ ಮೇಲೆ, ನಾಲ್ಕೂ ಕಾಲು ನೆಲ ಬಿಟ್ಟು, ಕಿವಿ ಎರಡೂ ಮೇಲಕ್ಕೆದ್ದು, ಕತ್ತು ಹೊರಳಿಸಿ ಚಿತ್ರದ ಅಂಚಿನ ಆಚೆ ನಿಂತ ಯಾರನ್ನೋ ನೋಡುತ್ತಿರುವ ನಾಯಿ.